ಹಿತ್ತಲಿನಲ್ಲಿ ಕೃತಕ ಹುಲ್ಲಿನ ಆಟದ ಅಂಕಣ: ತಳಪಾಯವೇ ಮುಖ್ಯ

ಕೃತಕ ಹುಲ್ಲಿನ ಅಂಕಣದಲ್ಲಿ ನೀರು ನಿಂತರೆ, ಅಲ್ಲಲ್ಲಿ ತಗ್ಗು ಬಿದ್ದರೆ ಜನ ಹುಲ್ಲನ್ನು ದೂರುತ್ತಾರೆ. ತಪ್ಪು ಬಹುಪಾಲು ಅದರ ಕೆಳಗಿನ ತಳಪಾಯದಲ್ಲಿರುತ್ತದೆ. ಆದ್ದರಿಂದ ಈ ಕೆಲಸಕ್ಕೆ ಮೀಸಲಿಟ್ಟ ಶ್ರಮದ ಮುಕ್ಕಾಲು ಭಾಗವನ್ನು ಹುಲ್ಲಿನ ಸುರುಳಿ ಬಿಚ್ಚುವ ಮೊದಲೇ ವ್ಯಯಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಯಾವ ಆಟಕ್ಕೆ ಎಂಬುದು ತೀರ್ಮಾನವಾಗಬೇಕು. ಪೂರ್ಣ ಅಳತೆಯ ಟೆನಿಸ್ ಅಂಕಣ 23.77 ಮೀಟರ್ ಉದ್ದ, 10.97 ಮೀಟರ್ ಅಗಲವಿದ್ದು, ಸುತ್ತ ಓಡಾಡಲು ಬಿಡಬೇಕಾದ ಜಾಗವೂ ಸೇರಿದರೆ ಹೆಚ್ಚಿನ ಹಿತ್ತಲುಗಳಲ್ಲಿ ಹಿಡಿಯುವುದಿಲ್ಲ. ಬ್ಯಾಡ್ಮಿಂಟನ್ ಅಂಕಣಕ್ಕೆ 13.40 ಮೀಟರ್ ಉದ್ದ, 6.10 ಮೀಟರ್ ಅಗಲ ಸಾಕು. ಅದೇ ಜಾಗದಲ್ಲಿ ಮಕ್ಕಳು ಕಾಲ್ಚೆಂಡನ್ನೂ ಆಡಬಹುದು. ಬ್ಯಾಸ್ಕೆಟ್‌ಬಾಲ್ ಮುಖ್ಯವಾಗಿದ್ದರೆ ಹುಲ್ಲಿನ ಯೋಚನೆಯನ್ನೇ ಕೈಬಿಡಿ, ಏಕೆಂದರೆ ಹುಲ್ಲಿನ ಮೇಲೆ ಆ ಚೆಂಡು ಸರಿಯಾಗಿ ಪುಟಿಯುವುದಿಲ್ಲ. ಹಲವು ಆಟಗಳಿಗೆ ಒಂದೇ ಅಂಕಣವಾದರೆ 15ರಿಂದ 20 ಮಿಲಿಮೀಟರ್ ಎತ್ತರದ, ಮರಳು ತುಂಬುವ ಒತ್ತಾದ ಹುಲ್ಲು ಸೂಕ್ತ.

ಅಳತೆಯನ್ನು ಸುರುಳಿಯ ಅಗಲಕ್ಕೆ ಹೊಂದಿಸಿಕೊಂಡರೆ ಬಹಳಷ್ಟು ಉಳಿತಾಯವಾಗುತ್ತದೆ. ಸುರುಳಿ 4 ಮೀಟರ್ ಅಗಲದ್ದು ಎಂದುಕೊಳ್ಳೋಣ. ಬ್ಯಾಡ್ಮಿಂಟನ್ ಅಂಕಣದ ಎರಡು ತುದಿಗಳಲ್ಲಿ ತಲಾ 1.2 ಮೀಟರ್, ಎರಡು ಪಕ್ಕಗಳಲ್ಲಿ ತಲಾ 1.5 ಮೀಟರ್ ಬಿಟ್ಟರೆ ಒಟ್ಟು ಜಾಗ 15.8 × 9.1 ಮೀಟರ್ ಆಗುತ್ತದೆ. ಉದ್ದಕ್ಕೆ ಹಾಸಿದರೆ ಮೂರು ಪಟ್ಟಿ ಬೇಕಾಗಿ ಸುಮಾರು 190 ಚದರ ಮೀಟರ್ ಹುಲ್ಲು ಕೊಳ್ಳಬೇಕು; ಅಡ್ಡಕ್ಕೆ ನಾಲ್ಕು ಪಟ್ಟಿ ಹಾಸಿದರೆ ಸುಮಾರು 146 ಚದರ ಮೀಟರ್‌ನಲ್ಲೇ ಮುಗಿಯುತ್ತದೆ. ಒಂದು ಜೋಡಣೆ ಹೆಚ್ಚಾದರೂ ನಾನು ಎರಡನೆಯದನ್ನೇ ಆರಿಸುತ್ತೇನೆ.

ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆಮಟ್ಟವನ್ನಷ್ಟೇ ನಂಬದೆ ಎರಡು ಕರ್ಣಗಳನ್ನೂ ಅಳೆಯಬೇಕು. ಮೇಲಿನ ಅಳತೆಗೆ ಎರಡೂ 18.23 ಮೀಟರ್ ಬಂದರೆ ಮೂಲೆಗಳು ನೇರವಾಗಿವೆ ಎಂದರ್ಥ. ಅಗೆಯುವ ಮುನ್ನ ನೆಲದೊಳಗೆ ನೀರಿನ ಕೊಳವೆ ಅಥವಾ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ತಿಳಿದುಕೊಳ್ಳಿ. ಬಳಿಕ ಬೇರು, ಹುಲ್ಲು, ಮೆದು ಮೇಲ್ಮಣ್ಣು ಎಲ್ಲವನ್ನೂ ತೆಗೆದು ಸುಮಾರು 15 ಸೆಂಟಿಮೀಟರ್ ಆಳಕ್ಕೆ ಇಳಿಯಬೇಕು. ಜೇಡಿಮಣ್ಣಿನ ನೆಲವಾದರೆ ಇನ್ನಷ್ಟು ಆಳಕ್ಕೆ ಹೋಗುವುದು ಕ್ಷೇಮ. ಬಲೆಯ ಕಂಬಗಳಿಗೆ ಕೊಳವೆಗಳನ್ನು ಕಾಂಕ್ರೀಟಿನಲ್ಲಿ ಕೂರಿಸುವ ಕೆಲಸವೂ ಈ ಹಂತದಲ್ಲೇ ಮುಗಿಯಬೇಕು, ಏಕೆಂದರೆ ದಮ್ಮಸು ಮಾಡಿದ ತಳಪಾಯವನ್ನು ಮತ್ತೆ ಅಗೆದರೆ ಆ ಜಾಗ ಮುಂದೆ ಕುಸಿಯದೆ ಇರುವುದಿಲ್ಲ.

ನೀರು ಹರಿದುಹೋಗಲು ನೂರಕ್ಕೆ ಒಂದರಷ್ಟು ವಾಟ ಬೇಕು. 9.1 ಮೀಟರ್ ಅಗಲಕ್ಕೆ ಒಂದು ಪಕ್ಕ ಇನ್ನೊಂದಕ್ಕಿಂತ ಸುಮಾರು 9 ಸೆಂಟಿಮೀಟರ್ ತಗ್ಗಿರಬೇಕು, ಆ ತಗ್ಗು ಮನೆಯ ಗೋಡೆಗೆ ವಿರುದ್ಧ ದಿಕ್ಕಿನಲ್ಲಿರಬೇಕು. ಈ ವಾಟವನ್ನು ಅಗೆದ ಮಣ್ಣಿನಲ್ಲೇ ಕೊಟ್ಟು, ಮೇಲಿನ ಪ್ರತಿ ಪದರವೂ ಅದನ್ನೇ ಅನುಸರಿಸುವಂತೆ ನೋಡಿಕೊಳ್ಳಿ. ಕೊನೆಯ ಪದರದಲ್ಲಿ ಸರಿಪಡಿಸಿದರಾಯಿತು ಎಂದು ಬಿಟ್ಟರೆ ಜಲ್ಲಿ ಒಂದೆಡೆ ದಪ್ಪವಾಗಿ ಇನ್ನೊಂದೆಡೆ ತೆಳುವಾಗಿ ಉಳಿಯುತ್ತದೆ. ಸುತ್ತ ಕಾಂಕ್ರೀಟಿನ ಅಂಚುಕಟ್ಟೆ ಕಟ್ಟಿ, ಮಣ್ಣು ಮತ್ತು ಜಲ್ಲಿ ಬೆರೆಯದಂತೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು, ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಬೇಕು.

ಒಡೆದ ಕಲ್ಲಿನ, ಕೋನಗಳಿರುವ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ದುಂಡನೆಯ ಹೊಳೆಗಲ್ಲು ಜಾರುತ್ತದೆ, ಅದು ಬೇಡ. ಹತ್ತು ಸೆಂಟಿಮೀಟರ್ ಜಲ್ಲಿಯನ್ನು ಒಂದೇ ಸಲಕ್ಕೆ ಸುರಿಯದೆ ಐದೈದು ಸೆಂಟಿಮೀಟರಿನ ಎರಡು ಪದರಗಳಾಗಿ ಹರಡಿ, ಸ್ವಲ್ಪ ನೀರು ಚಿಮುಕಿಸಿ, ಪ್ಲೇಟ್ ಕಾಂಪ್ಯಾಕ್ಟರ್‌ನಿಂದ ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ದಮ್ಮಸು ಮಾಡಿ. ಒಂದೇ ದಪ್ಪ ಪದರವಾದರೆ ಯಂತ್ರದ ಒತ್ತಡ ತಳದವರೆಗೆ ಇಳಿಯುವುದಿಲ್ಲ. ಮೇಲೆ ಎರಡು ಸೆಂಟಿಮೀಟರಿನಷ್ಟು ಕಲ್ಲುಪುಡಿ ಹರಡಿ ಮತ್ತೆ ದಮ್ಮಸು ಮಾಡಬೇಕು. ಈಗ ಮೂರು ಮೀಟರಿನ ನೇರವಾದ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು, ಪಕ್ಕದಿಂದ ಬಗ್ಗಿ ನೋಡಿ: ಕೆಳಗೆ ಬೆಳಕು ಕಾಣುವಲ್ಲಿ ತಗ್ಗಿದೆ. ಆರು ಮಿಲಿಮೀಟರಿಗಿಂತ ಆಳದ ತಗ್ಗುಗಳನ್ನು ತುಂಬಿ, ಹಿಮ್ಮಡಿ ಒತ್ತಿ ತಿರುಗಿಸಿದರೂ ಗುರುತು ಬೀಳದಷ್ಟು ಗಟ್ಟಿಯಾಗುವವರೆಗೆ ಕೆಲಸ ನಿಲ್ಲಿಸಬಾರದು.

ಹುಲ್ಲನ್ನು ಬಿಚ್ಚಿ ಒಂದೆರಡು ಗಂಟೆ ಬಿಸಿಲಿನಲ್ಲಿ ಬಿಟ್ಟರೆ ಸುಕ್ಕು ತಾನಾಗಿಯೇ ಇಳಿಯುತ್ತದೆ. ಎಲ್ಲ ಪಟ್ಟಿಗಳ ಎಳೆಗಳೂ ಒಂದೇ ದಿಕ್ಕಿಗೆ ಬಾಗಿರಬೇಕು; ಒಂದು ಪಟ್ಟಿ ತಿರುಗಿದರೂ ಅದರ ಬಣ್ಣ ಬೇರೆಯಾಗಿ ಕಾಣುತ್ತದೆ, ಚೆಂಡಿನ ಓಟವೂ ಬದಲಾಗುತ್ತದೆ. ಅಂಚಿನ ಎರಡು ಮೂರು ಹೊಲಿಗೆ ಸಾಲುಗಳನ್ನು ಹಿಂಬದಿಯಿಂದ ಕತ್ತರಿಸಿ, ಸುಮಾರು 30 ಸೆಂಟಿಮೀಟರ್ ಅಗಲದ ಜೋಡಣೆ ಪಟ್ಟಿಗೆ ಪಾಲಿಯುರೆಥೇನ್ ಅಂಟು ಬಳಿದು, ಎರಡೂ ಅಂಚುಗಳನ್ನು ಅದರ ಮೇಲೆ ಕೂರಿಸಬೇಕು. ನಡುವಿನ ಸಂದು ಹುಲ್ಲಿನ ಹೊಲಿಗೆ ಸಾಲುಗಳ ನಡುವಿನ ಅಂತರದಷ್ಟೇ ಇದ್ದರೆ ಜೋಡಣೆ ಕಣ್ಣಿಗೆ ಬೀಳುವುದಿಲ್ಲ. ಎಳೆಗಳು ಅಂಟಿನೊಳಗೆ ಸಿಕ್ಕದಂತೆ ಬೆರಳಿನಿಂದ ಬಿಡಿಸುತ್ತ ಸಾಗಿ. ಮಳೆ ಬರುವ ಲಕ್ಷಣವಿದ್ದರೆ ಈ ಕೆಲಸವನ್ನು ಮುಂದೂಡಿ. ಬಿಳಿ ಗೆರೆಗಳನ್ನು ಬಿಳಿ ಹುಲ್ಲಿನ ಪಟ್ಟಿ ಕತ್ತರಿಸಿ ಕೂರಿಸಬಹುದು, ಇಲ್ಲವೇ ಬಣ್ಣ ಹಚ್ಚಬಹುದು.

ಅಂಟು ಪೂರ್ತಿ ಒಣಗಿದ ಮೇಲೆ ತೊಳೆದು ಒಣಗಿಸಿದ, ದುಂಡು ಕಣಗಳ ಸಿಲಿಕಾ ಮರಳನ್ನು ತುಂಬಬೇಕು. ಪ್ರಮಾಣವನ್ನು ಹುಲ್ಲಿನ ತಯಾರಕರೇ ತಿಳಿಸಿರುತ್ತಾರೆ. ಚದರ ಮೀಟರಿಗೆ 15 ಕಿಲೋ ಎಂದು ಹಿಡಿದರೂ ನಮ್ಮ ಅಂಕಣಕ್ಕೆ ಎರಡು ಟನ್ನಿಗಿಂತ ಹೆಚ್ಚು ಬೇಕು. ತೆಳುವಾಗಿ ಉದುರಿಸಿ, ಗಟ್ಟಿ ಪೊರಕೆಯಿಂದ ಎಳೆಗಳ ಬಾಗಿಗೆ ಎದುರಾಗಿ ಗುಡಿಸಿ, ಮರಳು ಬುಡಕ್ಕೆ ಇಳಿದ ಮೇಲೆ ಮತ್ತೆ ಉದುರಿಸಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ನಿಜವಾಗಿಯೂ ಹಾನಿಕರ, ಆದ್ದರಿಂದ ಸೂಕ್ತ ಮಾಸ್ಕ್ ಧರಿಸದೆ ಈ ಕೆಲಸಕ್ಕೆ ಇಳಿಯಬೇಡಿ.

ಬಿಸಿಲಿನ ವಿಷಯದಲ್ಲೂ ಎಚ್ಚರ ಬೇಕು. ಕಡುಬಿಸಿಲಿನಲ್ಲಿ ಕೃತಕ ಹುಲ್ಲಿನ ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ನೀರು ಚಿಮುಕಿಸಿದರೆ ಸಿಗುವ ತಂಪು ಅಲ್ಪಕಾಲದ್ದು, ಆದ್ದರಿಂದ ಮಕ್ಕಳನ್ನು ನಡುಹಗಲಿನಲ್ಲಿ ಬರಿಗಾಲಿನಲ್ಲಿ ಬಿಡಬಾರದು. ಕಿಟಕಿಯ ಗಾಜಿನಿಂದ ಪ್ರತಿಫಲಿಸಿದ ಬಿಸಿಲು ಒಂದೇ ಕಡೆ ಬಿದ್ದರೆ ಎಳೆಗಳು ಕರಗುವುದೂ ಉಂಟು. ಅಂಥ ಕಿಟಕಿಗೆ ಹೊರಗಿನಿಂದ ಜಾಲರಿ ಹಾಕಿ. ಮೊದಲ ಕೆಲವು ವಾರಗಳಲ್ಲಿ ಮರಳು ಇನ್ನಷ್ಟು ತಳಕ್ಕೆ ಇಳಿಯುವುದರಿಂದ ಒಂದೆರಡು ಚೀಲ ಉಳಿಸಿಕೊಂಡು, ಆಟಗಾರರು ಹೆಚ್ಚು ನಿಲ್ಲುವ ಜಾಗಗಳಲ್ಲಿ ಮೊದಲು ತುಂಬಬೇಕು.