ಮೂತಿ ಎತ್ತುತ್ತಿದ್ದ ದೋಣಿಗೆ ನೀರಿನ ಕ್ಯಾನು

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಮ್ಮ ಭಾವ ಬಲೆ ಬಿಡುತ್ತಾರೆ. ಹೋದ ವರ್ಷ ಹಳೆಯ ಫೈಬರ್ ದೋಣಿಗೆ ಮೋಟಾರ್ ಕೂರಿಸಿದೆವು. ನಾನೊಬ್ಬನೇ ಕೂತು ವೇಗ ಕೊಟ್ಟರೆ ಮೂತಿ ಆಕಾಶ ನೋಡುತ್ತಿತ್ತು. ಮುಂದೇನಿದೆ ಅಂತಲೇ ಕಾಣುತ್ತಿರಲಿಲ್ಲ. ಮೋಟಾರು, ಪೆಟ್ರೋಲು, ನಾನು, ಎಲ್ಲ ಹಿಂದೆ. ಮುಂದೆ ಖಾಲಿ. ಇನ್ನೇನಾಗುತ್ತೆ ಅಲ್ವಾ?

ಮೊದಲು ಮುಂದೆ ಎರಡು ಮರಳು ಮೂಟೆ ಇಟ್ಟೆ. "ದೋಣಿಗೆ ನೀರು ನುಗ್ಗಿದ್ರೆ ಇವು ತಳಕ್ಕೆ ಎಳ್ಕೊಂಡು ಹೋಗ್ತವೆ ಕಣಯ್ಯಾ" ಅಂದರು ಭಾವ. ಸರಿಯೇ. ನೀರಿನೊಳಗೆ ನೀರಿಗೆ ತೂಕವಿಲ್ಲ, ಮರಳಿಗೆ ಇದೆ. ಹಾಗಾಗಿ 20 ಲೀಟರಿನ ಮೂರು ಕ್ಯಾನು ತಂದೆ, ಪೂರ್ತಿ ನೀರು ತುಂಬಿದರೆ 60 ಕೆಜಿ. ಸುಮ್ನೆ ಅರ್ಧರ್ಧ ತುಂಬಿಸಿದ್ದು ನನ್ನ ದಡ್ಡತನ. ತಿರುಗಿಸಿದಾಗೆಲ್ಲ ನೀರು ಕುಲುಕಿ ಕ್ಯಾನು ಉರುಳುತ್ತಿತ್ತು, ದೋಣಿಯೂ ವಾಲುತ್ತಿತ್ತು. ಆಮೇಲೆ ಕತ್ತಿನವರೆಗೆ ತುಂಬಿಸಿ, ಮುಚ್ಚಳ ಬಿಗಿದು, ದೋಣಿಯ ಮುಂಭಾಗದಲ್ಲಿ, ಎಡಬಲದ ನಟ್ಟನಡುವೆ ಸಾಲಾಗಿ ಹಗ್ಗದಿಂದ ಕಟ್ಟಿದೆ. ಮೂತಿ ಇಳಿಯಿತು. ಆದರೆ ತೀರಾ ತುದಿಯಲ್ಲಿಟ್ಟಾಗ ಅಲೆಗೆ ಗುದ್ದುತ್ತಿತ್ತು. ಒಂದಡಿ ಹಿಂದಕ್ಕೆ ಸರಿಸಿದೆ.

ವೇಕ್‌ಸರ್ಫಿಂಗ್ (ದೋಣಿ ಎಬ್ಬಿಸುವ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಸಾಗುವ ಆಟ) ದೋಣಿಗಳದ್ದು ಬೇರೆಯೇ ಲೆಕ್ಕ. ಅಲ್ಲಿ ಬೇಕಂತಲೇ ಹಿಂದೆ, ಅದೂ ಸವಾರ ಇರುವ ಪಕ್ಕಕ್ಕೆ ಜಾಸ್ತಿ ನೀರು ತುಂಬಿ ದೊಡ್ಡ ಅಲೆ ಎಬ್ಬಿಸುತ್ತಾರೆ.

ಭಾವನೂ ಹತ್ತಿದ ದಿನ ಅವರನ್ನೇ ಮುಂದೆ ಕೂರಿಸಿ, ಕ್ಯಾನು ಖಾಲಿ ಮಾಡಿ ಹೊರಡುತ್ತೇನೆ. ಎರಡೂ ಸೇರಿದರೆ ದೋಣಿಗೆ ಭಾರ ಜಾಸ್ತಿ.