ಬಾಟ್‌ಗೆ ಬಟನ್ ಸಿಗಬೇಕಾದರೆ ಸೆಲೆಕ್ಟರ್ ಹೇಗಿರಬೇಕು

ಕುಶಾಲನಗರದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಆಫೀಸು ಎಂದುಕೊಳ್ಳಿ. ತೂಕದ ಎಂಟ್ರಿ ಹಳೇ ವಿಂಡೋಸ್ ಪ್ರೋಗ್ರಾಮಿನಲ್ಲಿ, ಇ-ವೇ ಬಿಲ್ ಬ್ರೌಸರಿನಲ್ಲಿ, ಹೆಡ್ ಆಫೀಸಿನ ಲೆಕ್ಕ ರಿಮೋಟ್ ಡೆಸ್ಕ್‌ಟಾಪಿನಲ್ಲಿ. ಮೂರರಲ್ಲೂ ‘ಸೇವ್’ ಬಟನ್ ನಮ್ಮ ಕಣ್ಣಿಗೆ ಒಂದೇ ಥರ; ನಮ್ಮ ಬದಲು ಕ್ಲಿಕ್, ಟೈಪ್ ಮಾಡುವ ಪ್ರೋಗ್ರಾಮ್ ಆದ ಬಾಟ್‌ಗೆ ಹಾಗಲ್ಲ. ಇಲ್ಲಿರುವ ಹೆಸರು, ಕೀಗಳು ಅಂಥ ಬಾಟ್ ಕಟ್ಟುವ ಸಾಫ್ಟ್‌ವೇರ್ ಯುಐಪಾತ್‌ನವು.

ಸೆಲೆಕ್ಟರ್ ಅಂದರೆ ವಿಳಾಸ: ಯಾವ ಪ್ರೋಗ್ರಾಮ್, ಅದರೊಳಗೆ ಯಾವ ವಿಂಡೋ, ಕೊನೆಗೆ ಯಾವ ಬಟನ್. ಯುಐಪಾತ್‌ನದೇ ಟೂಲ್ ಯುಐ ಎಕ್ಸ್‌ಪ್ಲೋರರ್‌ನಲ್ಲಿ ಬಟನ್ ತೋರಿಸಿದರೆ ತಾನೇ ಒಂದನ್ನು ಕಟ್ಟಿಕೊಡುತ್ತದೆ. ಅದನ್ನು ಹಾಗೇ ನಂಬಬೇಡಿ. ಟೈಟಲ್ ‘ರೊಬಸ್ಟಾ ಚೆರಿ - ಬಿಲ್ 1042’ ಎಂದಿದ್ದರೆ ಸೆಲೆಕ್ಟರಿನಲ್ಲೂ 1042 ಕೂತಿರುತ್ತದೆ. 1043 ಬಂದಾಗ ಬಾಟ್ ನಿಲ್ಲುತ್ತದೆ. ಬದಲಾಗುವ ಭಾಗಕ್ಕೆ ನಕ್ಷತ್ರ ಹಾಕಿ: ‘* - ಬಿಲ್ *’. ಒಂದೇ ಅಕ್ಷರ ಬದಲಾಗುವ ಕಡೆ ಪ್ರಶ್ನಾರ್ಥಕ ಚಿಹ್ನೆ ಸಾಕು. ಆದರೆ ಎರಡು ಬಿಲ್ ಒಟ್ಟಿಗೆ ತೆರೆದಿದ್ದರೆ ನಕ್ಷತ್ರಕ್ಕೆ ಎರಡೂ ಒಂದೇ, ತಪ್ಪು ಬಿಲ್ ಸೇವ್ ಆಗಬಹುದು. ಅಂಥ ಕಡೆ ಬಿಲ್ ನಂಬರನ್ನು ವೇರಿಯಬಲ್ (ಪ್ರತಿ ಸಲ ಬಾಟ್ ತುಂಬಿಕೊಳ್ಳುವ ಬೆಲೆ) ಆಗಿ ಕೊಡಿ.

ಹಳೇ ಪ್ರೋಗ್ರಾಮಿನಲ್ಲಿ ಬಟನ್ ಬದಲು ಇಡೀ ವಿಂಡೋ ಹೈಲೈಟ್ ಆದರೆ, ತೋರಿಸುವಾಗಲೇ ಎಫ್4 ಒತ್ತಿ. ಡಿಫಾಲ್ಟ್, ಆಕ್ಟಿವ್ ಆಕ್ಸೆಸಿಬಿಲಿಟಿ, ಯುಐ ಆಟೊಮೇಷನ್ ಎಂದು ಹುಡುಕುವ ಕ್ರಮ ಬದಲಾಗುತ್ತದೆ. ಮುಟ್ಟಿದರೆ ಮುಚ್ಚಿಹೋಗುವ ಮೆನುಗಳಿಗೆ ಎಫ್2: ತೆರೆದುಕೊಳ್ಳಲು 3 ಸೆಕೆಂಡ್ ಸಿಗುತ್ತದೆ. ಜಾವಾ ಪ್ರೋಗ್ರಾಮ್ ಆದರೆ ಯುಐಪಾತ್‌ನ ಜಾವಾ ಎಕ್ಸ್‌ಟೆನ್ಷನ್ ಹಾಕಿ ಆ ಪ್ರೋಗ್ರಾಮನ್ನು ಮುಚ್ಚಿ ತೆರೆಯಿರಿ.

ಬ್ರೌಸರಿಗೆ ಸಾಮಾನ್ಯವಾಗಿ ಯುಐಪಾತ್ ಎಕ್ಸ್‌ಟೆನ್ಷನ್ ಬೇಕು. ಪ್ರತಿ ಸಲ ಪೇಜ್ ತೆರೆದಾಗ ಬದಲಾಗುವ ಐಡಿಯನ್ನು ಕಿತ್ತುಹಾಕಿ. ‘ಐಡಿಎಕ್ಸ್’ ಇನ್ನೂ ಅಪಾಯ: ಅದು ಬರೀ ಎಷ್ಟನೆಯದು ಎಂಬ ಎಣಿಕೆ, ಮೇಲೊಂದು ಸಾಲು ಸೇರಿದರೆ ಪಕ್ಕದವರ ಮೂಟೆ ಲೆಕ್ಕಕ್ಕೆ ಕೈ ಹಾಕುತ್ತದೆ. ಬದಲಿಗೆ ‘ತೂಕ’ ಎಂಬ ಲೇಬಲನ್ನು ಆ್ಯಂಕರ್ (ಗುರುತಿನ ಕಲ್ಲು) ಮಾಡಿ, ಅದರ ಪಕ್ಕದ ಬಾಕ್ಸ್ ಹಿಡಿಯಿರಿ. ಲಾಗಿನ್‌ನ ಕ್ಯಾಪ್ಚಾ ಮಾತ್ರ ಆಫೀಸಿನವರೇ ತುಂಬಲಿ.

ರಿಮೋಟ್ ಡೆಸ್ಕ್‌ಟಾಪಿನಿಂದ ಬರುವುದು ಬರೀ ಚಿತ್ರ. ಆ ಕಡೆ ಯುಐಪಾತ್‌ನ ರಿಮೋಟ್ ರನ್‌ಟೈಮ್ (ಬಟನ್ ವಿವರ ಕಳಿಸುವ ಪ್ರೋಗ್ರಾಮ್), ಈ ಕಡೆ ಅದರ ಎಕ್ಸ್‌ಟೆನ್ಷನ್ ಹಾಕಲು ಬಿಟ್ಟರೆ ಸರಿ. ಇಲ್ಲವಾದರೆ ಚಿತ್ರ ಹೋಲಿಕೆ ಅಥವಾ ಓಸಿಆರ್ (ಚಿತ್ರದಲ್ಲಿನ ಅಕ್ಷರ ಓದಿಸುವುದು). ಆಗ ಸ್ಕ್ರೀನ್ ಸ್ಕೇಲ್ ಕಟ್ಟುವಾಗಲೂ ಓಡಿಸುವಾಗಲೂ ಒಂದೇ ಇರಬೇಕು. ನಿಮ್ಮಲ್ಲಿ 100%, ಆಫೀಸಿನಲ್ಲಿ 125% ಇದ್ದರೆ ಬಟನ್ ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ರಿಮೋಟ್ ವಿಂಡೋ ಮಿನಿಮೈಸ್ ಮಾಡಲೂಬಾರದು.

ಎಕ್ಸೆಲ್‌ನಲ್ಲಿ ಸೆಲ್ ಕ್ಲಿಕ್ ಮಾಡಿಸುವ ಗೋಜೇ ಬೇಡ, ಎಕ್ಸೆಲ್ ಆಕ್ಟಿವಿಟಿಯಿಂದ ನೇರ ಓದಿಸಿ.

ಜೂನ್‌ನಿಂದ ಮಳೆ ಹಿಡಿದು ನೆಟ್ ನಿಧಾನವಾದಾಗ ಸರಿಯಾದ ಸೆಲೆಕ್ಟರ್ ಕೂಡ ಸೋಲುತ್ತದೆ. ಟೈಮ್‌ಔಟ್, ಅಂದರೆ ಬಟನ್‌ಗಾಗಿ ಬಾಟ್ ಕಾಯುವ ಗಡುವು, ಸಾಮಾನ್ಯವಾಗಿ 30 ಸೆಕೆಂಡ್. ಸುಮ್ಮನೆ ಡಿಲೇ ತುರುಕುವ ಬದಲು, ‘ಲೋಡಿಂಗ್’ ಮಾಯವಾಗುವವರೆಗೆ ಕಾಯಿಸಿ, ಆ ಒಂದು ಹಂತಕ್ಕೆ ಮಾತ್ರ ಟೈಮ್‌ಔಟ್ ಹೆಚ್ಚಿಸಿ. ಕರೆಂಟ್ ಹೋಗಿ ಬಂದ ಮೇಲೆ ಸ್ಕ್ರೀನ್ ಲಾಕ್ ಆಗಿದೆಯಾ ಎಂದೂ ನೋಡಿ.

ಪರೀಕ್ಷೆಗೆ ಪ್ರೋಗ್ರಾಮ್ ಮುಚ್ಚಿ, ಬೇರೆ ಬಿಲ್ ತೆರೆದು ವ್ಯಾಲಿಡೇಟ್ ಒತ್ತಿ. ಹಸಿರು ಬಂದ ಮೇಲೂ ಹೈಲೈಟ್ ಮಾಡಿ, ಸರಿಯಾದ ಬಟನ್ನೇ ಸಿಕ್ಕಿದೆಯಾ ನೋಡಿ.