ಗಂಡನ ವಿಲ್‌ನಲ್ಲಿ ನಿಮಗೇನೂ ಇಲ್ಲದಿದ್ದರೆ: ನ್ಯೂಯಾರ್ಕ್ ಕನ್ನಡಿಗರು ತಪ್ಪಿಸಿಕೊಳ್ಳಬಾರದ ಗಡುವು

ವಿಲ್ ಯಾಕೆ ಬರೆಯಬೇಕು, ಪ್ರೊಬೇಟ್ ಅಂದರೇನು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ನಿಮಗೆ ಗೊತ್ತೇ ಇರುತ್ತದೆ. ನಮ್ಮವರು ಮತ್ತೆ ಮತ್ತೆ ಎಡವುತ್ತಿರುವುದು ಬೇರೆ ಕಡೆ. ಗಂಡ ತೀರಿಕೊಂಡಾಗ ಅವರ ವಿಲ್‌ನಲ್ಲಿ ಹೆಂಡತಿಗೆ ಏನೂ ಬರೆದಿಲ್ಲ, ಅಥವಾ ತೀರಾ ಕಡಿಮೆ ಬರೆದಿದ್ದಾರೆ ಅಂದುಕೊಳ್ಳಿ. ಅಂಥ ವಿಲ್ ಅನ್ನು ಬದಿಗಿಟ್ಟು, ಕಾನೂನು ಗೊತ್ತುಮಾಡಿದ ಪಾಲು ಕೇಳುವ ಹಕ್ಕು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದೆ. ಹೆಂಡತಿಯನ್ನು ಕಳೆದುಕೊಂಡ ಗಂಡನಿಗೂ ಇದೇ ಹಕ್ಕು. ಸಾಮಾನ್ಯವಾಗಿ ಇದನ್ನು ಎಲೆಕ್ಟಿವ್ ಶೇರ್ ಅನ್ನುತ್ತಾರೆ. ನ್ಯೂಯಾರ್ಕ್‌ನಲ್ಲಿ ರೈಟ್ ಆಫ್ ಎಲೆಕ್ಷನ್ ಎಂಬ ಹೆಸರೇ ಜಾಸ್ತಿ ಕೇಳಿಬರುತ್ತದೆ.

ಇದು ನಮ್ಮ ತಲೆಗೆ ಹೊಳೆಯುವುದೇ ಇಲ್ಲ, ಯಾಕೆಂದರೆ ಊರಿನಲ್ಲಿ ಇಂಥದ್ದು ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 30ನೇ ಸೆಕ್ಷನ್ ಪ್ರಕಾರ, ಒಬ್ಬರು ತಮ್ಮ ಸ್ವಂತ ಆಸ್ತಿಯನ್ನೆಲ್ಲ ಯಾರಿಗೆ ಬೇಕಾದರೂ ವಿಲ್ ಮಾಡಬಹುದು. ಹೆಂಡತಿಗೆ ಒಂದು ರೂಪಾಯಿ ಬಿಡದಿದ್ದರೂ ವಿಲ್ ಸಿಂಧುವೇ. ಅವರು ಹೆಚ್ಚೆಂದರೆ ಜೀವನಾಂಶ ಕೇಳಬಹುದು. ಹಾಗಾಗಿ ನಮ್ಮ ಹೆಣ್ಣುಮಕ್ಕಳು ವಿಲ್ ಓದಿದ ಕೂಡಲೇ "ಅವರೇ ಹೀಗೆ ಬರೆದ ಮೇಲೆ ಮುಗೀತಲ್ವಾ" ಅಂತ ಸುಮ್ಮನಾಗಿಬಿಡುತ್ತಾರೆ. ನ್ಯೂಯಾರ್ಕ್‌ನಲ್ಲಿ ಅಲ್ಲಿಗೆ ಮುಗಿಯುವುದಿಲ್ಲ.

ಇಲ್ಲಿನ ಪಾಲು ಇಷ್ಟು: 50,000 ಡಾಲರ್ ಅಥವಾ ನಿವ್ವಳ ಆಸ್ತಿಯ ಮೂರನೇ ಒಂದು ಭಾಗ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ನಿವ್ವಳ ಆಸ್ತಿಯೇ 50,000ಕ್ಕಿಂತ ಕಡಿಮೆ ಇದ್ದರೆ ಅಷ್ಟೂ ನಿಮ್ಮದೇ. ವಿಲ್ ಸುಳ್ಳು ಅಂತ ಸಾಬೀತು ಮಾಡಬೇಕಾಗಿಲ್ಲ. ಗಂಡನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ, ಯಾರೋ ತಲೆ ಕೆಡಿಸಿ ಬರೆಸಿದರು ಅಂತೆಲ್ಲ ಹೇಳಬೇಕಾಗಿಲ್ಲ. ವಿಲ್ ನೂರಕ್ಕೆ ನೂರು ಸರಿಯಾಗಿದ್ದರೂ ಈ ಪಾಲು ನಿಮ್ಮದು. ತೀರಿಕೊಂಡವರ ಕಾಯಂ ಮನೆ ನ್ಯೂಯಾರ್ಕ್ ರಾಜ್ಯದಲ್ಲಿ ಇರಬೇಕು, ಅದು ಮುಖ್ಯ. ನೀವು ಅಮೆರಿಕದ ಪ್ರಜೆಯಾಗಿರಬೇಕೆಂದಿಲ್ಲ.

ಈಗ ಗಡುವಿನ ವಿಷಯ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಕೋರ್ಟು ಎಕ್ಸಿಕ್ಯೂಟರ್‌ಗೆ, ಅಂದರೆ ವಿಲ್ ಜಾರಿ ಮಾಡಲು ವಿಲ್‌ನಲ್ಲೇ ಹೆಸರಿಸಿದವರಿಗೆ, ಅಧಿಕಾರಪತ್ರ ಕೊಡುತ್ತದೆ. ಅದರ ಹೆಸರು ಲೆಟರ್ಸ್ ಟೆಸ್ಟಮೆಂಟರಿ. ಆ ಪತ್ರ ಕೊಟ್ಟ ದಿನದಿಂದ ಆರು ತಿಂಗಳೊಳಗೆ ನೀವು ನೋಟಿಸ್ ಕೊಡಬೇಕು. ಪತ್ರ ಯಾವಾಗಲೇ ಬಂದಿರಲಿ, ತೀರಿಕೊಂಡ ದಿನದಿಂದ ಎರಡು ವರ್ಷ ದಾಟಬಾರದು. ನೋಟಿಸನ್ನು ಎಕ್ಸಿಕ್ಯೂಟರ್‌ಗೆ ತಲುಪಿಸಬೇಕು, ಮತ್ತು ತಲುಪಿಸಿದ ಪುರಾವೆಯ ಜೊತೆ ಮೂಲ ಪ್ರತಿಯನ್ನು ಆ ಪತ್ರ ಕೊಟ್ಟ ಸರೋಗೇಟ್ಸ್ ಕೋರ್ಟಿನಲ್ಲೇ (ತೀರಿಕೊಂಡವರ ಆಸ್ತಿಯ ವಿಷಯ ನೋಡುವ ಕೋರ್ಟು) ಫೈಲ್ ಮಾಡಬೇಕು. ಎರಡೂ ಆಗಬೇಕು. ಭಾವನಿಗೆ ಫೋನ್ ಮಾಡಿ ಹೇಳಿದ್ದು, ವಾಟ್ಸಾಪ್‌ನಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ.

ನಮ್ಮವರ ಮನೆಯಲ್ಲಿ ಆ ಆರು ತಿಂಗಳು ಹೇಗೆ ಕಳೆಯುತ್ತದೆ ನೋಡಿ. ಅಸ್ಥಿ ತೆಗೆದುಕೊಂಡು ಊರಿಗೆ ಹೋಗುತ್ತಾರೆ. ಕ್ರಿಯೆ, ವೈಕುಂಠ ಸಮಾರಾಧನೆ, ಆಮೇಲೆ ಮಾಸಿಕಗಳು. "ವರ್ಷಾಬ್ದಿಕ ಮುಗಿಸಿಕೊಂಡೇ ಹೋಗಮ್ಮ" ಅಂತ ಹಿರಿಯರು ಹೇಳುತ್ತಾರೆ. ಎಚ್-4 ವೀಸಾದಲ್ಲಿದ್ದವರಿಗಂತೂ ಗಂಡನ ಜೊತೆಗೇ ವೀಸಾದ ಆಧಾರವೂ ಹೋಗಿರುತ್ತದೆ. ಇತ್ತ ಕೋರ್ಟಿನ ಕಾಗದಗಳು ಬೀಗ ಹಾಕಿದ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುತ್ತವೆ.

ಕ್ವೀನ್ಸ್‌ನಲ್ಲಿ ನನಗೆ ಪರಿಚಯದ ಒಬ್ಬ ಹೆಣ್ಣುಮಗಳಿಗೆ ಹೀಗೇ ಆಯಿತು. ಹಾಸನದ ಕಡೆಯವರು. ಗಂಡ ಮದುವೆಗೆ ಮುಂಚೆಯೇ ವಿಲ್ ಬರೆದು, ಎಲ್ಲವನ್ನೂ ಓದಿಸಿದ ಅಣ್ಣನ ಹೆಸರಿಗೆ ಇಟ್ಟಿದ್ದರು. ಆಗ ಅದು ನ್ಯಾಯವೇ ಆಗಿತ್ತು, ಆಮೇಲೆ ಬದಲಾಯಿಸುವುದು ಉಳಿದುಹೋಯಿತು. ಮದುವೆಯಾದರೆ ಹಳೆಯ ವಿಲ್ ತಾನಾಗಿ ರದ್ದಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನ್ಯೂಯಾರ್ಕ್‌ನಲ್ಲಿ ಹಾಗಿಲ್ಲ. ಭಾರತದಲ್ಲಿ ಹಿಂದೂಗಳ ವಿಲ್‌ಗೂ ಹಾಗಿಲ್ಲ. ಈಕೆ ವರ್ಷ ಕಳೆದು ವಾಪಸ್ ಬರುವಷ್ಟರಲ್ಲಿ ಆರು ತಿಂಗಳು ಎಂದೋ ಮುಗಿದಿತ್ತು, ಮನೆ ಮಾರಾಟಕ್ಕಿತ್ತು. ಎಕ್ಸಿಕ್ಯೂಟರ್ ಲೆಕ್ಕ ಕೋರ್ಟಿನಲ್ಲಿ ಇತ್ಯರ್ಥವಾಗಿರದಿದ್ದರೆ, ಸಾವಾಗಿ ಎರಡು ವರ್ಷ ಆಗಿರದಿದ್ದರೆ, ತಡವನ್ನು ಮನ್ನಿಸಿ ಅಂತ ಕೋರ್ಟನ್ನು ಕೇಳಿಕೊಳ್ಳಬಹುದು. ಅವರು ಕೇಳಿಕೊಂಡರು, ಅವಕಾಶ ಸಿಕ್ಕಿತು. ಆದರೆ ಒಂದು ನೋಟಿಸಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಅರ್ಜಿ, ಅಫಿಡವಿಟ್, ವಿಚಾರಣೆ ಅಂತ ಲಾಯರ್ ಫೀಸು ಬೆಳೆಯುತ್ತಾ ಹೋಯಿತು. ಮನ್ನಿಸುವುದು ಬಿಡುವುದು ಜಡ್ಜ್ ಕೈಲಿದೆ. ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಊರಿಗೆ ಹೋಗಲೇಬೇಕಿದ್ದರೆ, ಆರು ತಿಂಗಳು ಮುಗಿಯುವ ಮೊದಲೇ ಲಾಯರ್ ಮೂಲಕ ಗಡುವು ವಿಸ್ತರಿಸಿಕೊಳ್ಳಲು ಅರ್ಜಿ ಹಾಕಿಸಿ. ಕಾರಣ ಸರಿಯಿದ್ದರೆ ಕೋರ್ಟು ಕೊಡುತ್ತದೆ.

ಅವರು ತಡ ಮಾಡಿದ್ದಕ್ಕೆ ಪ್ರಯಾಣ ಒಂದೇ ಕಾರಣವಲ್ಲ. "ಭಾವನವರ ಮೇಲೆ ಕೋರ್ಟಿಗೆ ಹೋದೆ ಅಂತಾರೆ, ಸತ್ತವರ ಮಾತು ಮೀರಿದೆ ಅಂತಾರೆ" ಅನ್ನುವ ಸಂಕೋಚವೂ ಇತ್ತು. ಈ ಸಂಕೋಚವನ್ನು ನಾನು ತುಂಬ ಮನೆಗಳಲ್ಲಿ ನೋಡಿದ್ದೇನೆ, ನೋಡಿ ಬೇಸರಪಟ್ಟಿದ್ದೇನೆ. ನೋಟಿಸ್ ಕೊಡುವುದು ಯಾರ ಮೇಲೂ ಕೇಸು ಹಾಕಿದಂತೆ ಅಲ್ಲ. ಸಂಸಾರ ಕಟ್ಟಿದವರಲ್ಲಿ ಒಬ್ಬರು ಹೋದಾಗ ಇನ್ನೊಬ್ಬರು ಬೀದಿಗೆ ಬೀಳಬಾರದು ಅಂತ ಈ ರಾಜ್ಯವೇ ಇಟ್ಟಿರುವ ಪಾಲು ಅದು. ಇನ್ನೊಂದು ವಿಷಯ: ಈ ಹಕ್ಕನ್ನು ಹೆಂಡತಿ ಬದುಕಿರುವಾಗಲೇ ಚಲಾಯಿಸಬೇಕು. ನೋಟಿಸ್ ಕೊಡುವ ಮೊದಲೇ ಆಕೆಯೂ ಹೋಗಿಬಿಟ್ಟರೆ ಮಕ್ಕಳು ಅವರ ಪರವಾಗಿ ಕೇಳುವಂತಿಲ್ಲ. ವಯಸ್ಸಾದ ತಾಯಿ ಇದ್ದರೆ "ಆಮೇಲೆ ನೋಡೋಣ" ಅನ್ನಲೇಬೇಡಿ.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆ. ಗಂಡನೊಬ್ಬನ ಹೆಸರಿನಲ್ಲೇ ಇದ್ದ ಮನೆ, ಸಾಲ ಮತ್ತು ಖರ್ಚು ಕಳೆದು 4,20,000 ಡಾಲರ್. ತನ್ನ ನಂತರ ಅಣ್ಣನಿಗೆ ಹೋಗಲಿ ಎಂದು ಬರೆಸಿದ್ದ ಬ್ಯಾಂಕ್ ಖಾತೆಯಲ್ಲಿ 1,80,000. ಈ ಖಾತೆ ವಿಲ್‌ನಲ್ಲಿ ಬರುವುದಿಲ್ಲ, ನೇರ ಅಣ್ಣನಿಗೇ ಹೋಗುತ್ತದೆ. ಆದರೂ ನಿಮ್ಮ ಪಾಲು ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳುತ್ತಾರೆ. ಒಟ್ಟು 6,00,000, ಮೂರನೇ ಒಂದು ಭಾಗ 2,00,000. ವಿಲ್‌ನಲ್ಲಿ ನಿಮಗೆ ನೇರವಾಗಿ 20,000 ಬರೆದಿದ್ದರೆ ಅದನ್ನು ಕಳೆದು 1,80,000 ಸಿಗಬೇಕು. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರುವ ಆಸ್ತಿಯ ಅರ್ಧವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಆ ಅರ್ಧ ನಿಮಗೆ ಬಂದಾಗಿದೆ ಅಂತ ನಿಮ್ಮ ಪಾಲಿನಿಂದಲೇ ಕಳೆಯುತ್ತಾರೆ. ಮನೆ ಜಂಟಿಯಾಗಿದ್ದರೆ ಕೇಳುವುದಕ್ಕೆ ಏನೂ ಉಳಿಯದೇ ಇರಬಹುದು. ನೋಟಿಸಿಗೆ ಮೊದಲು ಈ ಲೆಕ್ಕ ಮಾಡಿಸಿ.

ಕೆಲವರು ಹೆಂಡತಿಗೆ ನೇರ ಕೊಡದೆ ಟ್ರಸ್ಟ್ ಮಾಡಿ, "ಬದುಕಿರುವ ತನಕ ಆದಾಯ ಮಾತ್ರ" ಅಂತ ಬರೆಯುತ್ತಾರೆ. 1994ರ ಸೆಪ್ಟೆಂಬರ್ 1ರ ನಂತರದ ಸಾವುಗಳಿಗೆ ಅದು ಪಾಲು ಕೊಟ್ಟಂತೆ ಆಗುವುದಿಲ್ಲ. ನೀವು ಮೂರನೇ ಒಂದು ಭಾಗ ಕೇಳಬಹುದು. ಆದರೆ ಕೇಳಿದರೆ, ವಿಲ್‌ನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಆ ಟ್ರಸ್ಟಿನ ಆದಾಯ ತಪ್ಪುತ್ತದೆ. ಚಿಕ್ಕ ವಯಸ್ಸಿನವರಿಗೆ ಕೆಲವೊಮ್ಮೆ ಆದಾಯವೇ ಲಾಭ.

ಸಹಿ ಹಾಕುವಾಗ ಹುಷಾರು. ಪ್ರೊಬೇಟ್‌ಗೆ, ಅಂದರೆ ಕೋರ್ಟು ವಿಲ್ ಅನ್ನು ಅಸಲಿ ಅಂತ ಅಂಗೀಕರಿಸುವುದಕ್ಕೆ, ಒಪ್ಪಿಗೆ ಕೊಡುವ ಕಾಗದ ಬರುತ್ತದೆ. ವಿಲ್ ಅಸಲಿ ಅಂತ ಒಪ್ಪಿದ ಮಾತ್ರಕ್ಕೆ ಪಾಲು ಬಿಟ್ಟುಕೊಟ್ಟ ಹಾಗಲ್ಲ. ಆದರೆ ರೈಟ್ ಆಫ್ ಎಲೆಕ್ಷನ್ ಬಿಟ್ಟುಕೊಡುತ್ತೇನೆ ಅನ್ನುವ ಕಾಗದಕ್ಕೆ ನೋಟರಿ ಮುಂದೆ ಸಹಿ ಹಾಕಿದರೆ ಹಕ್ಕು ಹೋಯಿತು ಅಂತಲೇ ತಿಳಿಯಿರಿ. ಕಳಿಸಿದವರು ಮನೆಯವರೇ ಆದರೂ, ನಿಮ್ಮ ಸ್ವಂತ ಲಾಯರ್ ಓದದೆ ಸಹಿ ಬೇಡ.

ಬೇರೆ ರಾಜ್ಯದಲ್ಲಿರುವವರು ನ್ಯೂಯಾರ್ಕಿನ ಲೆಕ್ಕವನ್ನು ಹಾಗೇ ತೆಗೆದುಕೊಳ್ಳಬೇಡಿ. ನದಿಯಾಚೆಯ ನ್ಯೂಜೆರ್ಸಿಯಲ್ಲೂ ಮೂರನೇ ಒಂದು ಭಾಗವೇ, ಆದರೆ ಹೆಂಡತಿಯ ಸ್ವಂತ ಆಸ್ತಿಯನ್ನೂ ಲೆಕ್ಕ ಹಾಕಿ ಕಳೆಯುತ್ತಾರೆ. ಎಡಿಸನ್‌ನಲ್ಲಿ ಒಳ್ಳೆಯ ಸಂಬಳದ ಹೆಂಗಸರಿಗೆ ಏನೂ ಸಿಗದೇ ಇರಬಹುದು. ಇಲಿನಾಯ್‌ನಲ್ಲಿ ಮಕ್ಕಳಿದ್ದರೆ ಮೂರನೇ ಒಂದು, ಇಲ್ಲದಿದ್ದರೆ ಅರ್ಧ, ಗಡುವು ವಿಲ್ ಪ್ರೊಬೇಟ್ ಆದ ಮೇಲೆ ಏಳು ತಿಂಗಳು. ಫ್ಲಾರಿಡಾದಲ್ಲಿ ಶೇಕಡಾ 30. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳಲ್ಲಿ ದಾರಿಯೇ ಬೇರೆ: ಮದುವೆಯ ನಂತರದ ಗಳಿಕೆಯಲ್ಲಿ ಅರ್ಧ ಮೊದಲಿನಿಂದಲೇ ಹೆಂಡತಿಯದು. ನನಗೆ ಆ ಪದ್ಧತಿಯೇ ಹೆಚ್ಚು ಸರಿ ಅನ್ನಿಸುತ್ತದೆ, ಗಡುವಿನ ಹಿಂದೆ ಓಡಬೇಕಾಗಿಲ್ಲ. ಜಾರ್ಜಿಯಾದಲ್ಲಿ ಈ ಹಕ್ಕು ಇಲ್ಲವೇ ಇಲ್ಲ. ಅಟ್ಲಾಂಟಾದವರು ಇಯರ್ಸ್ ಸಪೋರ್ಟ್ ಎಂಬ, ಜೀವನ ನಿರ್ವಹಣೆಗೆ ಗಂಡನ ಆಸ್ತಿಯಿಂದ ಕೇಳುವ ಅರ್ಜಿಯನ್ನು ಎರಡು ವರ್ಷದೊಳಗೆ ಹಾಕಬೇಕು.

ಬೆಂಗಳೂರಿನ ಸೈಟು, ಊರಿನ ತೋಟಕ್ಕೆ ಭಾರತದ ಕಾನೂನೇ ನಡೆಯುತ್ತದೆ. ಇಲ್ಲಿನ ನೋಟಿಸ್ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪ್ರಯೋಜನವಿಲ್ಲ.

ಕಂಪನಿಯ ಮೂಲಕ ಕೂಡಿಡುವ ನಿವೃತ್ತಿ ಹಣ, ಅಂದರೆ 401(ಕೆ) ಬಗ್ಗೆ ಒಂದು ಎಚ್ಚರಿಕೆ. ಬ್ಯಾಚುಲರ್ ಆಗಿದ್ದಾಗ ತಮ್ಮನ ಹೆಸರು ಬರೆದಿದ್ದರೂ, ಮದುವೆಯ ನಂತರ ಫೆಡರಲ್ ಕಾನೂನಿನ ಪ್ರಕಾರ ಅದು ಹೆಂಡತಿಗೇ ಹೋಗುತ್ತದೆ, ಆಕೆ ಲಿಖಿತವಾಗಿ ಒಪ್ಪಿ ಬಿಟ್ಟುಕೊಡದಿದ್ದರೆ. ಕೆಲವು ಪ್ಲಾನ್‌ಗಳು ಮದುವೆಯಾಗಿ ಒಂದು ವರ್ಷ ಆಗಿರಬೇಕು ಅನ್ನುತ್ತವೆ. ಕೆಲಸ ಬದಲಾಯಿಸಿ ಆ ಹಣವನ್ನು ಐಆರ್‌ಎಗೆ (ತಮ್ಮದೇ ಹೆಸರಿನ ನಿವೃತ್ತಿ ಖಾತೆಗೆ) ಹಾಕಿದ ದಿನ ಈ ರಕ್ಷಣೆ ಹೋಗುತ್ತದೆ. ಐಆರ್‌ಎ ಹಣ ಫಾರಂನಲ್ಲಿ ಯಾರ ಹೆಸರಿದೆಯೋ ಅವರಿಗೆ. ಆ ಫಾರಂ ತೆಗೆದು ಇಬ್ಬರೂ ಕೂತು ನೋಡಿ.

ವಿಲ್ ಬರೆಯುವವರಿಗೂ ಒಂದು ಮಾತು. ಅಪ್ಪ ಅಮ್ಮನಿಗೆ ಏನಾದರೂ ಬಿಡಬೇಕು ಅನ್ನುವುದು ಖಂಡಿತ ಸರಿ. ಈ ವಿಷಯದಲ್ಲಿ ಊರಿನ ಕಾನೂನೇ ಮೇಲು: ವಿಲ್ ಇಲ್ಲದೆ ಸತ್ತರೆ ಅಲ್ಲಿ ತಾಯಿಗೆ ಹೆಂಡತಿ ಮಕ್ಕಳ ಸಮಾನ ಪಾಲು. ನ್ಯೂಯಾರ್ಕ್‌ನಲ್ಲಿ ವಿಲ್ ಇಲ್ಲದಿದ್ದರೆ, ಹೆಂಡತಿ ಇದ್ದಾಗ ತಾಯಿಗೆ ಏನೂ ಇಲ್ಲ. ಅದಕ್ಕೆ ಅಮ್ಮನ ಹೆಸರಿಗೆ ಒಂದು ಜೀವವಿಮೆ ಮಾಡಿಸಿ. ಜೀವವಿಮೆ ಹಣ ನ್ಯೂಯಾರ್ಕ್‌ನ ಮೂರನೇ ಒಂದು ಭಾಗದ ಲೆಕ್ಕದಲ್ಲಿ ಸೇರುವುದಿಲ್ಲ. ಅಮ್ಮನಿಗೆ ಪೂರ್ತಿ ತಲುಪುತ್ತದೆ, ಅತ್ತೆ ಸೊಸೆ ಕೋರ್ಟಿನಲ್ಲಿ ಎದುರುಬದುರು ನಿಲ್ಲುವ ಸಂದರ್ಭವೂ ಬರುವುದಿಲ್ಲ.